ಎದ್ದು ನಿಲ್ಲದ ಹೇಂಟೆ: ಮೊದಲು ಎದೆಮೂಳೆ ಮುಟ್ಟಿ ನೋಡಿ

ನೀವು ಕೇಳಿದ್ದು ಇಷ್ಟು: ನಾಪೋಕ್ಲು ಹತ್ತಿರ ನಿಮ್ಮ ಮನೆ, ಮಗಳು ಮುದ್ದಿನಿಂದ ಸಾಕಿದ ಏಳು ತಿಂಗಳ ಗಿರಿರಾಜ ಹೇಂಟೆ ಮೂರು ದಿನದಿಂದ ಎದ್ದು ನಿಲ್ಲುತ್ತಿಲ್ಲ. ಕೈಯಲ್ಲಿ ಹಿಡಿದು ಕೊಟ್ಟರೆ ತಿನ್ನುತ್ತೆ, ಕಣ್ಣು ಚುರುಕಾಗಿದೆ. ಮನೆಯವರು ಮಾತ್ರ "ಹೇಗೂ ಕಕ್ಕಡ ಬಂತು, ಸಾರಿಗಾದರೂ ಆಗಲಿ" ಅಂತಿದ್ದಾರೆ (ಕಕ್ಕಡ ಅಂದರೆ ಕೊಡಗಿನ ಮಳೆಗಾಲದ ತಿಂಗಳು, ಕೋಳಿ ಸಾರಿನ ಕಾಲ). ಏನಾದರೂ ಮಾಡಬಹುದಾ?

ಮಾಡಬಹುದು. ಆದರೆ ಔಷಧಿಯಿಂದ ಶುರು ಮಾಡಬೇಡಿ. ಮೊದಲು ಅದರ ಎದೆಮೂಳೆ ಮುಟ್ಟಿ ನೋಡಿ. ಎರಡೂ ಕಡೆ ಮಾಂಸ ತುಂಬಿಕೊಂಡಿದ್ದರೆ ಪರವಾಗಿಲ್ಲ, ಕತ್ತಿಯ ಅಂಚಿನ ಹಾಗೆ ಕೈಗೆ ಸಿಕ್ಕಿದರೆ ಹೊಟ್ಟೆಗೆ ಸಾಲುತ್ತಿಲ್ಲ ಅಂತ. ನಡೆಯಲಾಗದ ಕೋಳಿ ಎಷ್ಟೋ ಸಲ ಕಾಯಿಲೆಯಿಂದ ಸಾಯಲ್ಲ. ನೀರಿನ ಬಟ್ಟಲು ಒಂದು ಮೊಳ ಆಚೆ ಇತ್ತಲ್ಲ, ಅದಕ್ಕೆ ಸಾಯುತ್ತೆ.

ಇದು ನನಗೆ ತಡವಾಗಿ ಗೊತ್ತಾಯಿತು. ಸುಂಟಿಕೊಪ್ಪ ಕಡೆ ನಮ್ಮದು ಸಣ್ಣ ತೋಟ, ಹಿತ್ತಲಲ್ಲಿ ಹತ್ತು ಹನ್ನೆರಡು ಕೋಳಿ ಯಾವಾಗಲೂ ಇರುತ್ತವೆ. ಒಂದು ಜುಲೈಯಲ್ಲಿ ಬಿಳಿ ಹೇಂಟೆಯೊಂದು ಕೂತಲ್ಲೇ ಕೂತುಬಿಟ್ಟಿತು. ವಾಯು ಅಂತ ನಾನೇ ತೀರ್ಮಾನ ಮಾಡಿ ನಾಲ್ಕು ದಿನ ಬೇವಿನೆಣ್ಣೆ ಬಿಸಿ ಮಾಡಿ ಕಾಲಿಗೆ ತಿಕ್ಕಿದೆ. ಐದನೇ ದಿನ ಎತ್ತಿಕೊಂಡರೆ ಕೋಳಿ ಹಗುರವಾಗಿ ಬರೀ ಪುಕ್ಕ ಎತ್ತಿದ ಹಾಗಿತ್ತು. ಉಳಿದ ಕೋಳಿಗಳು ಅದನ್ನು ಕುಕ್ಕಿ ಕುಕ್ಕಿ ಮೂಲೆಗೆ ತಳ್ಳಿದ್ದವು, ಅದರ ಪಾಲಿಗೆ ಒಂದು ಕಾಳೂ ಸಿಕ್ಕಿರಲಿಲ್ಲ. ಹಾಗಾಗಿ ಇವತ್ತೇ ಬೇರೆ ಮಾಡಿ, ನೀರು ಮತ್ತು ತಿಂಡಿ ಕೊಕ್ಕಿನ ಮುಂದೆಯೇ ಇಡಿ. ಎರಡು ಗಂಟೆಗೊಮ್ಮೆ ನೀರು ತೋರಿಸಿ.

ಆಮೇಲೆ ಬೆಳಕಿಗೆ ಒಯ್ದು ಹತ್ತು ನಿಮಿಷ ಸಾವಧಾನವಾಗಿ ನೋಡಿ. ಪಾದ ಮಗುಚಿ. ಅಂಗಾಲಿನ ಮಧ್ಯೆ ಕರಿ ಹಕ್ಕಳೆ, ಸುತ್ತ ಊತ, ಬಿಸಿ ಇದ್ದರೆ ಅದು ಕೀವುಗಟ್ಟಿದ ಗಾಯ. ಎತ್ತರದ ಕೋಲಿನಿಂದ ಧುಮುಕುವ ಭಾರದ ಕೋಳಿಗಳಿಗೆ, ಅದರಲ್ಲೂ ಮಳೆಗಾಲದ ಕೆಸರಲ್ಲಿ, ಇದು ಸಾಮಾನ್ಯ. ಕಾಲಿನ ಪೊರೆ ಎದ್ದು ಒರಟಾಗಿದ್ದರೆ ಹುಳ ಕೂತಿದೆ, ವ್ಯಾಸಲೀನ್ ದಪ್ಪಗೆ ಹಚ್ಚುತ್ತಾ ಬಂದರೆ ಆ ಹುಳ ಉಸಿರು ಕಟ್ಟಿ ಸಾಯುತ್ತೆ. ಬೆರಳ ಸಂದಿಯಲ್ಲಿ ಗೊಬ್ಬರದ ಚೀಲದ ನೈಲಾನ್ ದಾರ ಬಿಗಿದಿದೆಯಾ ಅಂತಲೂ ನೋಡಿ. ನಗಬೇಡಿ, ಒಂದು ಹುಂಜಕ್ಕೆ ನಾನು ವಾರವಿಡೀ ಕುಂಟು ಅಂತ ಮಾತ್ರೆ ಕೊಟ್ಟಿದ್ದೆ, ಕಾರಣ ಗೇಣುದ್ದದ ದಾರ. ತೊಡೆಯಿಂದ ಬೆರಳವರೆಗೆ ಎರಡೂ ಕಾಲನ್ನು ಒಟ್ಟಿಗೆ ಸವರಿ, ವ್ಯತ್ಯಾಸ ಇದ್ದರೆ ಕೈಗೇ ತಿಳಿಯುತ್ತೆ. ಮುರಿದಿದೆ ಅನ್ನಿಸಿದರೆ ತಿಕ್ಕೋದು ನಿಲ್ಲಿಸಿ.

ಇದ್ಯಾವುದೂ ಇಲ್ಲ ಅಂದರೆ, ನಿಮ್ಮ ಕೋಳಿಯ ವಯಸ್ಸು, ತಳಿ, ಈಗಿನ ಹವಾಮಾನ ಮೂರನ್ನೂ ಸೇರಿಸಿ ನೋಡಿದಾಗ ನನ್ನ ಅನುಮಾನ ಸುಣ್ಣದ, ಅಂದರೆ ಕ್ಯಾಲ್ಸಿಯಂ ಕೊರತೆಯ ಮೇಲೆ. ಗಿರಿರಾಜ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿದ ತಳಿ. ನೋಡೋಕೆ ನಾಟಿಯ ಹಾಗಿದ್ದರೂ ಮೈ ಭಾರ, ಮೊಟ್ಟೆಯೂ ಜಾಸ್ತಿ. ಏಳು ತಿಂಗಳು ಅಂದರೆ ಮೊಟ್ಟೆ ಶುರು ಮಾಡಿರೋ ಹೊತ್ತು. ಒಂದು ಮೊಟ್ಟೆಯ ಸಿಪ್ಪೆಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ನಾವು ಹಾಕೋದು ಏನು? ನುಚ್ಚಕ್ಕಿ, ಭತ್ತ, ಮಿಕ್ಕಿದ ಅನ್ನ. ನುಚ್ಚಕ್ಕಿಯಲ್ಲಿ ಕ್ಯಾಲ್ಸಿಯಂ ಇಲ್ಲ ಅಂದರೂ ನಡೆಯುತ್ತೆ. "ರಾಗಿ ಹಾಕ್ತೀವಲ್ಲ" ಅನ್ನುವವರಿಗೆ ಲೆಕ್ಕ ಹೇಳ್ತೀನಿ: 100 ಗ್ರಾಂ ರಾಗಿಯಲ್ಲಿರೋದು ಹೆಚ್ಚುಕಡಿಮೆ 350 ಮಿಲಿಗ್ರಾಂ. ದಿನವಿಡೀ ರಾಗಿಯನ್ನೇ ತಿಂದರೂ ಕಾಲು ಮೊಟ್ಟೆಗೆ ಸಾಲಲ್ಲ. ಬಾಕಿಯನ್ನು ಕೋಳಿ ತನ್ನ ಮೂಳೆಯಿಂದ ಕಿತ್ತು ಕೊಡುತ್ತೆ. ಅದರ ಮೇಲೆ ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮಲ್ಲಿ ಬಿಸಿಲು ಕಾಣೋದೇ ಅಪರೂಪ. ತಿಂದ ಸುಣ್ಣ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕು, ಅದು ಬಿಸಿಲಿಂದ ಅಥವಾ ಫೀಡಿಂದಲೇ ಬರಬೇಕು. ನನ್ನ ಬಿಳಿ ಹೇಂಟೆಯ ಕಥೆಯೂ ಕೊನೆಗೆ ಇದೇ ಆಗಿತ್ತು. ಬೀಳೋ ಮುಂಚೆ ಎರಡು ವಾರ ಗಟ್ಟಿ ಸಿಪ್ಪೆ ಇಲ್ಲದ ತೊಗಲು ಮೊಟ್ಟೆ ಇಟ್ಟಿತ್ತು, ನಾನು ಗಮನ ಕೊಟ್ಟಿರಲಿಲ್ಲ.

ಅನುಮಾನ ಇದೇ ಆಗಿದ್ದರೆ ಮೊಟ್ಟೆ ಇಡೋ ಕೋಳಿಗಳಿಗೆಂದೇ ಮಾಡಿದ ಲೇಯರ್ ಫೀಡ್‌ಗೆ ಬದಲಾಯಿಸಿ, ಅದರಲ್ಲಿ ಕ್ಯಾಲ್ಸಿಯಂ ಶೇ. 3.5ರಿಂದ 4ರಷ್ಟು ಇರುತ್ತೆ. ಜೊತೆಗೆ ಕಪ್ಪೆಚಿಪ್ಪಿನ ಪುಡಿ, ಅಥವಾ ಮೊಟ್ಟೆ ಸಿಪ್ಪೆಯನ್ನು ಕಾವಲಿಯಲ್ಲಿ ಹುರಿದು ತರಿತರಿಯಾಗಿ ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ. ಮೊಟ್ಟೆಯ ಗುರುತು ಸಿಗದ ಹಾಗೆ ಪುಡಿಯಾಗಬೇಕು, ಇಲ್ಲದಿದ್ದರೆ ಗೂಡಲ್ಲೇ ಒಡೆದು ತಿನ್ನೋ ಚಟ ಹತ್ತುತ್ತೆ. ಎಲೆ ಅಡಿಕೆಯ ಸುಣ್ಣ ಬಾಯಿಗೆ ಹಚ್ಚೋದು ಬೇಡ, ಸುಡುತ್ತೆ. ಲೇಯರ್ ಫೀಡನ್ನು ಮರಿಗಳಿಗೆ ಹಾಕಬೇಡಿ, ಅಷ್ಟು ಸುಣ್ಣ ಅವುಗಳ ಮೂತ್ರಪಿಂಡಕ್ಕೆ ಕೇಡು. ಬಿದ್ದ ಕೋಳಿಗೆ ವಿಟಮಿನ್ ಡಿ3 ಇರುವ ಕ್ಯಾಲ್ಸಿಯಂ ದ್ರಾವಣ ಎಷ್ಟು ಕೊಡಬೇಕು ಅಂತ ಪಶುವೈದ್ಯರನ್ನು ಕೇಳಿ, ಅವರು ತೂಕ ನೋಡಿ ಹೇಳ್ತಾರೆ. ಬಿಸಿಲು ಇಣುಕಿದ ತಕ್ಷಣ ಅಂಗಳಕ್ಕೆ ತನ್ನಿ. ಗಾಜಿನ ಕಿಟಕಿ ಒಳಗೆ ಕೂರಿಸಿದರೆ ಪ್ರಯೋಜನ ಇಲ್ಲ, ಬೇಕಾದ ಕಿರಣ ಗಾಜು ದಾಟಲ್ಲ.

ಈಗ ಆರೈಕೆ. ಕೂತೇ ಇರೋ ಕೋಳಿಗೆ ಎದೆ ಹುಣ್ಣಾಗುತ್ತೆ, ಕಾಲು ಇನ್ನೂ ಸೊರಗುತ್ತೆ. ನಾನು ಮಾಡಿದ್ದು ತೊಟ್ಟಿಲು. ಹಳೆ ಪಂಚೆಯ ತುಂಡು, ಟೊಮೆಟೊ ಕ್ರೇಟ್ ಒಂದು. ಬಟ್ಟೆಯಲ್ಲಿ ಕಾಲಿಗೆ ಎರಡು ತೂತು, ಹಿಂದೆ ಹಿಕ್ಕೆ ಬೀಳೋಕೆ ಒಂದು ಸೀಳು, ನಾಲ್ಕು ಮೂಲೆ ಕ್ರೇಟಿಗೆ ಕಟ್ಟಿ. ಬೆರಳು ತಳಕ್ಕೆ ತಾಗಬೇಕು, ಭಾರ ಮಾತ್ರ ಬಟ್ಟೆಯ ಮೇಲಿರಬೇಕು. ಮೊದಲ ಸಲ ಬಟ್ಟೆ ಬಿಗಿಯಾಗಿ ಎದೆ ಒತ್ತಿ ಕೋಳಿ ಬಾಯಿ ತೆರೆದು ಏದುಸಿರು ಬಿಟ್ಟಿತು, ಸಡಿಲ ಮಾಡಿದೆ. ದಿನಕ್ಕೆ ಮೂರು ಸಲ, ಒಂದೊಂದು ಸಲ ಕಾಲು ಗಂಟೆ ಸಾಕು. ಮುಂದೆ ಬಟ್ಟಲು ಕಟ್ಟಿದರೆ ಅಲ್ಲೇ ತಿನ್ನುತ್ತಾ ಇರುತ್ತೆ. ಬೆಕ್ಕು ನಾಯಿ ಇರೋ ಮನೆಯಾದರೆ ಪಕ್ಕದಲ್ಲೇ ಕೂರಿ. ಆರನೇ ದಿನ ನನ್ನ ಬಿಳಿ ಹೇಂಟೆ ತಳವನ್ನು ಒದೆಯೋಕೆ ಶುರು ಮಾಡಿತು, ಹನ್ನೊಂದನೇ ದಿನ ತಾನಾಗಿ ನಾಲ್ಕು ಹೆಜ್ಜೆ ಇಟ್ಟು ಗೋಡೆಗೆ ಒರಗಿ ನಿಂತಿತು.

ಮಿಕ್ಕ ಹೊತ್ತು ಹಂಡೆ ಒಲೆಯ ಹತ್ತಿರ ಒಣ ಜಾಗದಲ್ಲಿ ಇಡಿ. ಕೆಳಗೆ ಪೇಪರ್ ಬೇಡ, ಜಾರುತ್ತೆ. ಗೋಣಿಚೀಲ, ಅದರ ಮೇಲೆ ಒಣ ಭತ್ತದ ಹೊಟ್ಟು, ದಿನಾ ಬದಲಿಸಿ. ಹಿಂಭಾಗ ಬೆಚ್ಚನೆ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಿಕ್ಕೆ ಮೆತ್ತಿಕೊಂಡ ಪುಕ್ಕಕ್ಕೆ ನೊಣ ಕೂತರೆ ಒಂದೆರಡು ದಿನದಲ್ಲಿ ಹುಳ ಬೀಳುತ್ತೆ, ಆಮೇಲೆ ಕಾಲಿನ ಚಿಂತೆ ಎರಡನೆಯದು.

ಬೇರೆ ಸಾಧ್ಯತೆಗಳೂ ಇವೆ. ಬಾಲ ಇಳಿಬಿಟ್ಟು ಮುಕ್ಕರಿಯುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು, ಬೆಚ್ಚನೆ ನೀರಲ್ಲಿ ಹೊಟ್ಟೆ ಮುಳುಗುವಷ್ಟು ಕೂರಿಸಿ ಡಾಕ್ಟರ ಹತ್ತಿರ ಹೋಗಿ. ಕತ್ತು ತಿರುಚೋದು, ಹಸಿರು ಭೇದಿ ಇದ್ದರೆ ಕೊಕ್ಕರೆ ರೋಗ (ರಾಣಿಖೇತ್) ಇರಬಹುದು. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಮಲಗಿದ್ದರೆ ಮಾರೆಕ್ಸ್. ಅದು ನರಕ್ಕೆ ತಗಲುವ ವೈರಸ್, ಹೆಚ್ಚಾಗಿ ಒಂದೂವರೆಯಿಂದ ಏಳು ತಿಂಗಳೊಳಗಿನ ಕೋಳಿಗಳಿಗೆ ಬರುತ್ತೆ. ಔಷಧಿ ಇಲ್ಲ. ಲಸಿಕೆ ಮರಿ ಹುಟ್ಟಿದ ದಿನವೇ ಆಗಬೇಕು, ಹೇಂಟೆ ಕಾವು ಕೂತು ಮಾಡಿದ ಮರಿಗಳಿಗೆ ಅದು ಯಾರು ಹಾಕಿಸ್ತಾರೆ? ಸಂತೆಯಿಂದ ತಂದ ಒಂದು ಹುಂಜ ನನ್ನಲ್ಲಿ ಹೀಗೇ ಬಿತ್ತು. ಮೂರು ವಾರ ತೊಟ್ಟಿಲು ಕಟ್ಟಿ ಕೂರಿಸಿದೆ, ಇನ್ನೊಂದು ಕಾಲೂ ಹೋಯಿತು. ಅದನ್ನು ಅಷ್ಟು ದಿನ ಎಳೆದಾಡಿದ್ದು ನನ್ನ ಸಮಾಧಾನಕ್ಕೇ ಹೊರತು ಅದರ ಸುಖಕ್ಕಲ್ಲ ಅಂತ ಈಗ ಅನ್ನಿಸುತ್ತೆ.

ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ. ಡಾಕ್ಟರು ಆ್ಯಂಟಿಬಯೋಟಿಕ್ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿಕೊಳ್ಳಿ. ಕಕ್ಕಡದ ಸಾರಿಗೂ ಅದೇ ಮಾತು, ಮನೆಯವರಿಗೆ ಹೇಳಿ. ಮಳೆಗೆ ರಸ್ತೆ ಕೆಟ್ಟು ಆಸ್ಪತ್ರೆಗೆ ಹೋಗೋಕೆ ಆಗದಿದ್ದರೆ ಮನೆ ಬಾಗಿಲಿಗೆ ಬರೋ ಪಶು ಚಿಕಿತ್ಸಾ ವಾಹನ ಪಶು ಸಂಜೀವಿನಿಯ 1962ಕ್ಕೆ ಫೋನ್ ಮಾಡಿ ನೋಡಿ. ಒಟ್ಟೊಟ್ಟಿಗೆ ನಾಲ್ಕೈದು ಕೋಳಿ ಸತ್ತರೆ ಮಾತ್ರ ಬರಿಗೈಯಲ್ಲಿ ಮುಟ್ಟದೆ ಮೊದಲು ಪಶುಸಂಗೋಪನಾ ಇಲಾಖೆಗೆ ತಿಳಿಸಿ.

ಮಲಗಿದಾಗ ಕಾಲು ಯಾವ ಕಡೆ ಚಾಚುತ್ತೆ, ಕೊನೆಯ ಮೊಟ್ಟೆ ಯಾವಾಗ ಇಟ್ಟಿತ್ತು, ಸಿಪ್ಪೆ ಗಟ್ಟಿ ಇತ್ತಾ, ಇಷ್ಟು ಬರೆಯಿರಿ. ಅಂಗಾಲಿನ ಒಂದು ಫೋಟೊ ಹಾಕಿ, ಸಂಜೆ ನೋಡಿ ಹೇಳ್ತೀನಿ.