ಓದುಗರ ಪ್ರಶ್ನೆ, ನಮ್ಮ ಉತ್ತರ: ಅಗ್ಗದ ಸ್ಪ್ರಿಂಗ್ ಏರ್ ರೈಫಲನ್ನು ಸುಧಾರಿಸಿಕೊಳ್ಳುವುದು

ಪ್ರಶ್ನೆ: ಡಯಾನಾ 35ರ ಮಾದರಿಯಲ್ಲಿ ನಮ್ಮ ದೇಶದಲ್ಲೇ ತಯಾರಾದ, ನಳಿಗೆ ಬಗ್ಗಿಸಿ ಕಾಕ್ ಮಾಡುವ (ಅಂದರೆ ಸ್ಪ್ರಿಂಗನ್ನು ಒತ್ತಿ ಹೊಡೆಯಲು ಸಜ್ಜುಗೊಳಿಸುವ) 0.177ರ ಏರ್ ರೈಫಲನ್ನು ಇತ್ತೀಚೆಗೆ ಕೊಂಡಿದ್ದೇನೆ. ಹೊಡೆದಾಗ ಜೋರಾಗಿ ಸದ್ದಾಗಿ ನಳಿಗೆಯಿಂದ ಹೊಗೆ ಬರುತ್ತದೆ. ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಹಾಕಿಸಿದರೆ ರೈಫಲ್ ಸುಧಾರಿಸುತ್ತದೆ ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಹಾಕಿಸಬಹುದೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಾಕಿಸಬೇಡಿ. ಮೊದಲು ಹೊಗೆಯ ವಿಷಯವನ್ನು ನೋಡೋಣ. ಟ್ರಿಗರ್ ಎಳೆದೊಡನೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಅದರ ಎದುರಿನ ಗಾಳಿ ಕ್ಷಣಾರ್ಧದಲ್ಲಿ ಒತ್ತಿಹೋಗಿ, ಸಣ್ಣ ರಂಧ್ರವೊಂದರ ಮೂಲಕ ಹೊರಬಿದ್ದು ಪೆಲೆಟ್ಟನ್ನು, ಅಂದರೆ ಸೀಸದ ಸಣ್ಣ ಗುಂಡನ್ನು, ದೂಡುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವ ಕಾರಣಕ್ಕೇ ಇಲ್ಲಿಯೂ ಗಾಳಿ ಕಾಯುತ್ತದೆ, ಆದರೆ ಒಳಗೆ ಉಳಿದ ಎಣ್ಣೆಯ ಆವಿ ಹೊತ್ತಿಕೊಳ್ಳುವಷ್ಟು ಕಾಯುತ್ತದೆ. ಹೊಸ ರೈಫಲಿನಲ್ಲಿ ಕಾರ್ಖಾನೆಯವರು ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆ ಧಾರಾಳವಾಗಿರುವುದರಿಂದ ಮೊದಮೊದಲು ಸ್ವಲ್ಪ ಹೊಗೆ ಬರುವುದು ಸಹಜ. ಹೊಡೆಯುತ್ತ ಹೋದಂತೆ ಅದು ನಿಲ್ಲಬೇಕು. ನಿಲ್ಲದೆ ಪ್ರತಿ ಸಲವೂ ಸಿಡಿಯುತ್ತಿದ್ದರೆ ಒಳಗನ್ನು ಬಿಚ್ಚಿಸಿ ಒರೆಸಿಸಬೇಕು. ಇಲ್ಲವಾದರೆ ಪಿಸ್ಟನ್ನಿನ ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ, ಜೊತೆಗೆ ಒಂದು ಹೊಡೆತದ ವೇಗ ಇನ್ನೊಂದಕ್ಕಿಲ್ಲದೆ ಗುರಿಯೂ ಚದುರುತ್ತದೆ.

ಇನ್ನು ಸ್ಪ್ರಿಂಗಿನ ವಿಷಯ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 0.177 ಇಂಚು, ಅಂದರೆ 4.5 ಮಿ.ಮೀ., ಮೀರದ ಮತ್ತು ಶಕ್ತಿ 20 ಜೂಲ್ ಮೀರದ ಏರ್ ರೈಫಲಿಗೆ ಮಾತ್ರ ಪರವಾನಗಿ ಬೇಕಿಲ್ಲ. ಶಕ್ತಿ ಹೆಚ್ಚಿಸುವ ಹುಮ್ಮಸ್ಸಿನಲ್ಲಿ ಈ ಗೆರೆ ದಾಟಿದರೆ ನಿಮ್ಮ ಕೈಯಲ್ಲಿರುವುದು ಪರವಾನಗಿಯಿಲ್ಲದ ಆಯುಧವಾಗುತ್ತದೆ. ಅಷ್ಟಕ್ಕೂ ಆ ಶಕ್ತಿಯಿಂದ ಆಗಬೇಕಾದದ್ದೇನು? 0.53 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 175 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 8 ಜೂಲ್; 10 ಮೀಟರ್ ದೂರದ ಕಾಗದದ ಗುರಿಗೆ ಅಷ್ಟು ಧಾರಾಳವಾಗಿ ಸಾಕು. ಗಟ್ಟಿ ಸ್ಪ್ರಿಂಗಿನಿಂದ ಕಾಕ್ ಮಾಡುವುದು ಕಷ್ಟವಾಗುತ್ತದೆ, ಒದೆತ ಹೆಚ್ಚುತ್ತದೆ, ತಿರುಪುಗಳು ಸಡಿಲಗೊಳ್ಳುತ್ತವೆ. ಅಗ್ಗದ ರೈಫಲಿಗೆ ಬೇಕಾಗಿರುವುದು ಬಲವಲ್ಲ, ನಯ. ಇರುವ ಸ್ಪ್ರಿಂಗಿನದೇ ಕತ್ತರಿಸಿದ ತುದಿಗಳನ್ನು ಉಜ್ಜಿ ನುಣುಪು ಮಾಡಿಸಿ, ಅದರ ಒಳಗೆ ಆಧಾರವಾಗಿರುವ ಗೈಡ್ ಎಂಬ ಕಡ್ಡಿ ಸಡಿಲವಾಗಿದ್ದರೆ ಸರಿಹೊಂದುವಂಥದ್ದನ್ನು ಹಾಕಿಸಿ, ಸ್ಪ್ರಿಂಗಿಗೂ ಪಿಸ್ಟನ್ನಿನ ಹಿಂಭಾಗಕ್ಕೂ ಮಾಲಿಬ್ಡಿನಮ್ ಬೆರೆತ ಗ್ರೀಸನ್ನು ತೆಳುವಾಗಿ ಸವರಿಸಿದರೆ, ಹೊಡೆದ ಮೇಲೆ ಕೇಳಿಸುವ ‘ಟ್ರಿಂಗ್’ ಎಂಬ ಕಂಪನ ಬಹುಮಟ್ಟಿಗೆ ಅಡಗುತ್ತದೆ. ಈ ಕೆಲಸವನ್ನು ಬಂದೂಕು ರಿಪೇರಿ ಮಾಡುವವರಿಂದಲೇ ಮಾಡಿಸಿ. ಕಾಕ್ ಮಾಡದಿದ್ದಾಗಲೂ ಸ್ಪ್ರಿಂಗ್ ಒತ್ತಡದಲ್ಲೇ ಕುಳಿತಿರುತ್ತದೆ. ಅದನ್ನು ಹಿಡಿದಿಡುವ ಸಾಧನವಿಲ್ಲದೆ ಹಿಂದಿನ ಮುಚ್ಚಳ ಬಿಚ್ಚಿದರೆ ಅದು ಮುಖಕ್ಕೇ ಚಿಮ್ಮಬಹುದು.

ಪ್ರಶ್ನೆ: ನನ್ನ ರೈಫಲಿನಿಂದ 10 ಮೀಟರಿನಲ್ಲಿ ಹೊಡೆದ ಪೆಲೆಟ್‌ಗಳು ಅಂಗೈಯಗಲಕ್ಕೆ ಚದುರುತ್ತವೆ. ದೋಷ ನಳಿಗೆಯಲ್ಲಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ನಳಿಗೆಯನ್ನು ಕೊನೆಗೆ ಅನುಮಾನಿಸಿ. ಮೊದಲು ಮರದ ಹಿಡಿಯನ್ನು ಕಬ್ಬಿಣಕ್ಕೆ ಬಿಗಿದಿರುವ ತಿರುಪುಗಳನ್ನು ನೋಡಿ. ಸ್ಪ್ರಿಂಗ್ ರೈಫಲಿನಲ್ಲಿ ಅವು ಸಡಿಲಗೊಳ್ಳದೆ ಇರುವುದೇ ಅಪರೂಪ. ಬಿಗಿ ಮಾಡಿ, ಮತ್ತೆ ಸಡಿಲವಾಗದಂತೆ ಹಿಡಿದಿಡುವ ಅಂಟು, ಥ್ರೆಡ್‌ಲಾಕರ್, ಒಂದು ಹನಿ ಹಾಕಿ. ಮುಚ್ಚಿದ ನಳಿಗೆಯನ್ನು ಕೈಯಿಂದ ಅಕ್ಕಪಕ್ಕಕ್ಕೆ ಅಲುಗಿಸಿ ನೋಡಿ. ಅಲುಗಿದರೆ ಕೀಲಿನ ಬೋಲ್ಟನ್ನು ಬಿಗಿಗೊಳಿಸಬೇಕು. ಅನಂತರ ಆ ಕೀಲಿನ ಸಂದಿಯ ಮೇಲೆ ಟಿಶ್ಯೂ ಕಾಗದದ ಚೂರೊಂದನ್ನಿಟ್ಟು ಹೊಡೆಯಿರಿ. ಚೂರು ಹಾರಿದರೆ ಗಾಳಿ ಅಲ್ಲೇ ಸೋರುತ್ತಿದೆ ಎಂದರ್ಥ. ನಳಿಗೆಯ ಬುಡದ ವಾಷರ್ ಬದಲಿಸಿ.

ಇಷ್ಟಾದರೂ ಚದುರುತ್ತಿದ್ದರೆ ನಿಮ್ಮ ಹಿಡಿತವನ್ನು ಬದಲಿಸಬೇಕು. ಈ ರೈಫಲಿನ ಒದೆತ ಇಬ್ಬಗೆಯದು: ಪಿಸ್ಟನ್ ಮುಂದೆ ನುಗ್ಗುವಾಗ ರೈಫಲ್ ಹಿಂದಕ್ಕೆ ಸರಿಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ, ಮತ್ತು ಹಿಂದಕ್ಕೆ ಸರಿಯುವುದು ಪೆಲೆಟ್ ನಳಿಗೆಯಿಂದ ಹೊರಬೀಳುವ ಮೊದಲೇ ಆರಂಭವಾಗಿರುತ್ತದೆ. ಬಲವಾಗಿ ಹಿಡಿದರೆ ನಿಮ್ಮ ಹಿಡಿತದಲ್ಲಿನ ಸಣ್ಣ ವ್ಯತ್ಯಾಸವೂ ಗುರಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮುಂದಿನ ಕೈಯ ಮುಷ್ಟಿ ಮುಚ್ಚದೆ, ಬಿಚ್ಚಿದ ಅಂಗೈಯ ಮೇಲೆ, ಪ್ರತಿ ಸಲವೂ ಅದೇ ಜಾಗದಲ್ಲಿ ರೈಫಲನ್ನು ಮಲಗಿಸಿ, ಭುಜಕ್ಕೂ ಮೃದುವಾಗಿ ತಾಗಿಸಿ, ಅದು ತನ್ನಷ್ಟಕ್ಕೆ ಸರಿದಾಡಲು ಬಿಡಿ. ಮರಳುಚೀಲದ ಮೇಲೆ ನೇರವಾಗಿ ಇಟ್ಟು ಹೊಡೆಯಬೇಡಿ. ಪೆಲೆಟ್‌ಗಳಲ್ಲೂ ಎರಡು ಮೂರು ಬಗೆಯವನ್ನು ತಂದು ನೋಡಿ; ಅಗ್ಗದ ಡಬ್ಬಿಯಲ್ಲಿ ಅಂಚು ಸೊಟ್ಟಗಾದವು ಬಹಳ ಇರುತ್ತವೆ, ಅವನ್ನು ಆರಿಸಿ ತೆಗೆಯಿರಿ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಅದು ಸೀಸ. ಸ್ಪರ್ಧೆಯ 10 ಮೀಟರ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ನಿಮ್ಮ ರೈಫಲಿನಿಂದ ಅದನ್ನು ಬಯಸುವುದು ಅನ್ಯಾಯ, ಆದರೆ ಹೊಡೆತಗಳೆಲ್ಲ ಎರಡು ರೂಪಾಯಿ ನಾಣ್ಯದಗಲದೊಳಗೆ ಬೀಳಬೇಕೆಂದು ಬಯಸುವುದರಲ್ಲಿ ತಪ್ಪಿಲ್ಲ.

ಪ್ರಶ್ನೆ: ಮಳೆಗಾಲ ಕಳೆಯುವಷ್ಟರಲ್ಲಿ ರೈಫಲಿಗೆ ತುಕ್ಕು ಹಿಡಿದು ಹೊಡೆತದ ಜೋರೂ ಕಡಿಮೆಯಾಗಿದೆ. ಯಾವ ಎಣ್ಣೆ ಬಿಡಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಹೊರಗಿನ ಕಬ್ಬಿಣಕ್ಕೆ ಹೊಲಿಗೆ ಯಂತ್ರದ ಎಣ್ಣೆಯೂ ಆದೀತು, ಬಟ್ಟೆಗೆ ತಾಗಿಸಿ ಒರೆಸಿ. ಅದನ್ನು ಗಾಳಿಯ ರಂಧ್ರದೊಳಗೆ ಮಾತ್ರ ಬಿಡಬೇಡಿ. ಮೊದಲ ಓದುಗರು ಕೇಳಿದ ಹೊಗೆ ನಿಮ್ಮಲ್ಲಿಯೂ ಶುರುವಾಗುತ್ತದೆ. ಪಿಸ್ಟನ್ನಿನ ಹಳೆಯ ಮಾದರಿಯ ಚರ್ಮದ ವಾಷರ್ ಒಣಗಿದರೆ ಗಾಳಿಯನ್ನು ಹಿಡಿಯುವುದಿಲ್ಲ. ಅದಕ್ಕೆ ಸಿಲಿಕಾನ್ ಎಣ್ಣೆಯ ಕೆಲವು ಹನಿ ಬಿಟ್ಟು, ರೈಫಲನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿಡಿ. ಸಿಂಥೆಟಿಕ್ ಸೀಲ್ ಇದ್ದರೆ ಇದರ ಅಗತ್ಯವೇ ಇಲ್ಲವೆನ್ನಬಹುದು. ಮಳೆಗಾಲದಲ್ಲಿ ರೈಫಲನ್ನು ಬಟ್ಟೆಯ ಚೀಲದೊಳಗೆ ತುರುಕಿಡಬೇಡಿ, ಚೀಲ ತೇವವನ್ನು ಹಿಡಿದಿಡುತ್ತದೆ.

ಪ್ರಶ್ನೆ: ಅಡಿಕೆ ತೋಟಕ್ಕೆ ಬರುವ ಮಂಗಗಳನ್ನು ಓಡಿಸಲು ಪೆಲೆಟ್ ಹಾಕದೆ ಖಾಲಿ ಹೊಡೆಯುತ್ತೇವೆ. ಇದರಿಂದ ತೊಂದರೆಯೇನೂ ಇಲ್ಲವಷ್ಟೇ?
– ಓದುಗರೊಬ್ಬರು, ಸಾಗರ

ಉತ್ತರ: ಮಂಗಗಳಿಗೆ ಇಲ್ಲ, ರೈಫಲಿಗೆ ಇದೆ. ಪೆಲೆಟ್ ಇದ್ದರೆ ಅದರ ತಡೆಯಿಂದ ಪಿಸ್ಟನ್ನಿನ ಮುಂದೆ ಗಾಳಿಯ ಮೆತ್ತೆಯೊಂದು ಉಳಿಯುತ್ತದೆ. ಖಾಲಿ ಹೊಡೆದರೆ ಗಾಳಿಯೆಲ್ಲ ಹೊರಗೋಡಿ ಪಿಸ್ಟನ್ ನೇರವಾಗಿ ಲೋಹದ ಗೋಡೆಗೆ ಅಪ್ಪಳಿಸುತ್ತದೆ. ಹಾಗೆಂದು ಪೆಲೆಟ್ ಹಾಕಿ ಮಂಗನಿಗೇ ಹೊಡೆಯಬೇಡಿ. ಅದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮಂಗ ಓಡಿಸಲು ತಗಡಿನ ಡಬ್ಬಿ ಬಡಿಯುವುದೇ ಲೇಸು.

ಪ್ರಶ್ನೆ: ನನ್ನ ಏರ್ ರೈಫಲಿಗೆ ಕೂರಿಸಿದ ದುರ್ಬೀನು ಕೆಲವೇ ವಾರಗಳಲ್ಲಿ ಕೆಟ್ಟಿತು. ಬೇರೆಯದನ್ನು ಕೊಳ್ಳಲೇ?
– ಓದುಗರೊಬ್ಬರು, ಮೈಸೂರು

ಉತ್ತರ: ಸ್ಪ್ರಿಂಗ್ ಏರ್ ರೈಫಲಿಗೆಂದೇ ಮಾಡಿದ ದುರ್ಬೀನಾದರೆ ಕೊಳ್ಳಬಹುದು. ಹಿಂದೆ ಹೇಳಿದ ಮುಂದಕ್ಕೆ ಜಗ್ಗುವ ಒದೆತವನ್ನು ಸಾಮಾನ್ಯ ಬಂದೂಕಿನ ದುರ್ಬೀನು ತಾಳುವುದಿಲ್ಲ. ದುರ್ಬೀನನ್ನು ರೈಫಲಿಗೆ ಕೂರಿಸಲು ಒಂದೇ ತುಂಡಿನ ಮೌಂಟ್ ಬಳಸಿ, ಅದು ಹಿಂದಕ್ಕೆ ಜಾರದಂತೆ ತಡೆಯುವ ಪಿನ್ನು ರೈಫಲಿನ ಮೇಲಿನ ಕುಳಿಯಲ್ಲಿ ಕೂತಿದೆಯೇ ನೋಡಿ. 10 ಮೀಟರಿಗೆ ಮಾತ್ರ ಹೊಡೆಯುವುದಾದರೆ ಆ ಹಣವನ್ನು ಒಳ್ಳೆಯ ಪೆಲೆಟ್‌ಗಳಿಗೆ ಖರ್ಚು ಮಾಡಿ. ಗುರಿ ಹಿಡಿಯಲು ರೈಫಲಿನ ಜೊತೆ ಬಂದ ಸೈಟುಗಳೇ ಸಾಕು.