ಪ್ರತಿಕ್ರಿಯೆ: ಕುಂತಿಬೆಟ್ಟಕ್ಕೆ 5ನೇ ತರಗತಿ ಮಕ್ಕಳು, ಒಂದು ರಾತ್ರಿ ವಾಸ್ತವ್ಯ

40 ಮಕ್ಕಳು, ಇಬ್ಬರು ಮೇಡಂ, ಪಾಂಡವಪುರದಲ್ಲಿ ಉಳಿದು ಬೆಳಿಗ್ಗೆ ಬೆಟ್ಟ, ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಹೊಳೆಯಾಟ, ಇದಾಗುತ್ತಾ ಅಂತ ಕೇಳಿದ್ದೀರಿ. ಬೆಟ್ಟ ಆಗುತ್ತದೆ, ಆದರೆ ಇಬ್ಬರು ಸಾಲದು. 8 ಮಕ್ಕಳಿಗೆ ಒಬ್ಬರಂತೆ ಐವರು ಬೇಕು. ಹೊಟ್ಟೆನೋವೆಂದು ಕೆಳಗೇ ಉಳಿಯುವ ಮಗುವಿಗೆ ಆರನೆಯವರು.

ಬೆಳಿಗ್ಗೆ 6:30ಕ್ಕೆ ಹತ್ತಿ, 9:30ರೊಳಗೆ ಇಳಿದುಬಿಡಿ. ಬಂಡೆ ಬೇಗ ಕಾಯುತ್ತದೆ, ನೆರಳು ಕಡಿಮೆ. ಮಕ್ಕಳು ಬೀಳುವುದು ಹತ್ತುವಾಗಲ್ಲ, ಇಳಿಯುವಾಗ: ಕಾಲು ಸೋತಿರುತ್ತದೆ, ಬಂಡೆ ಮೇಲಿನ ಸಣ್ಣ ಮರಳು ಜಾರುತ್ತದೆ, ಹಿಂದಿನವರು ತಳ್ಳುತ್ತಾರೆ. ಹಾಗಾಗಿ ಕಡಿದಾದ ಕಡೆ ಕೂತು ಜರುಗಿಸಿ, ಒಬ್ಬರು ಇಳಿದ ಮೇಲೆ ಇನ್ನೊಬ್ಬರು. ತಳ ಸವೆದ ಶೂ ಬೇಡ. ರಾತ್ರಿ ಮಳೆ ಬಂದಿದ್ದರೆ ಬೆಟ್ಟವನ್ನೇ ಬಿಡಿ.

ತಲೆಗೆ 1 ಲೀಟರ್ ನೀರು. ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ 1 ಲೀಟರಿಗೇ ಕಲಸಿ. ಕಡಿಮೆ ನೀರಿಗೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಜೇನುಗೂಡು ಕಂಡರೆ ಕೂಗಾಟ, ಕಲ್ಲೆಸೆತ ಬೇಡ. ಜೇನು ಎದ್ದರೆ ಮಕ್ಕಳನ್ನು ಮುಖ ಮುಚ್ಚಿಸಿ ದೂರ ಓಡಿಸಿ, ಚುಚ್ಚಿದ ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ.

ಹೊಳೆಯಾಟ ಮಾತ್ರ ದಯವಿಟ್ಟು ಬೇಡ. ಕೆಆರ್‌ಎಸ್ ಅಣೆಕಟ್ಟಿನಿಂದ ನೀರು ಬಿಟ್ಟರೆ ಕಾವೇರಿ ಏಕಾಏಕಿ ಏರುತ್ತದೆ, ಆ ಭಾಗದಲ್ಲಿ ಮೊಸಳೆಯೂ ಇದೆ. ಬದಲಿಗೆ ರಂಗನತಿಟ್ಟಿನಲ್ಲಿ ದಡದಿಂದ ಹಕ್ಕಿ ತೋರಿಸಿ.