ಕಲ್ಯಾಣ ಕರ್ನಾಟಕಕ್ಕೆ (ಹಿಂದಿನ ಹೈದರಾಬಾದ್ ಕರ್ನಾಟಕ) ವಿಶೇಷ ಸೌಲಭ್ಯ ಕೊಡುವ 371(ಜೆ) ಕುರಿತ ಲೇಖನ ಕಳಿಸಿದ ಗುರುಮಠಕಲ್‌ನ ಬರಹಗಾರರಿಗೆ

ಶರಣು.

‘ಕಲ್ಯಾಣ ಬಂದಿದ್ದು ಹೆಸರಿಗಷ್ಟೇ’ ಎಂಬ ನಿಮ್ಮ ಲೇಖನ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ಆದರೆ ಒಂಬತ್ತು ಪುಟಗಳಲ್ಲಿ ಏಳನೆಯದು ಕೈಬಿಡುವಂಥದ್ದಲ್ಲ. ಈ ಪತ್ರ ಅದರ ಸಲುವಾಗಿ.

ಮೊದಲ ಆರು ಪುಟಗಳಲ್ಲಿ ನಿಜಾಮರ ಆಳ್ವಿಕೆ, 1948ರ ಪೊಲೀಸ್ ಕಾರ್ಯಾಚರಣೆ, 1956ರ ಏಕೀಕರಣ, ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ ವರದಿ ಎಲ್ಲವೂ ಬಂದಿವೆ. ನಮ್ಮ ಓದುಗರಲ್ಲಿ ಹೆಚ್ಚಿನವರು ಬೀದರ್, ಕಲಬುರಗಿ, ಯಾದಗಿರಿಯವರು. ನಮ್ಮ ಭಾಗಕ್ಕೆ ಅನ್ಯಾಯವಾಗಿದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಏಳನೇ ಪುಟದಲ್ಲಿ ನಿಮ್ಮೂರ ಪ್ರೌಢಶಾಲೆಯ ಖಾಲಿ ಗಣಿತ ಹುದ್ದೆ ಇದೆ, ಅರ್ಧ ವರ್ಷ ಕಳೆದ ಮೇಲೆ ಬರುವ ಅತಿಥಿ ಶಿಕ್ಷಕರಿದ್ದಾರೆ, ತೊಗರಿ ರಾಶಿ ಮುಗಿಯುತ್ತಲೇ ತಂದೆ-ತಾಯಿ ಜೊತೆ ಮುಂಬೈಗೆ ಗುಳೆ ಹೋಗುವ ಮಕ್ಕಳಿದ್ದಾರೆ. ಇದನ್ನು ಬೆಂಗಳೂರಿನಲ್ಲಿ ಕೂತವರು ಬರೆಯಲಾರರು. ಲೇಖನ ಅಲ್ಲಿಂದಲೇ ಶುರುವಾಗಲಿ. ಇತಿಹಾಸಕ್ಕೆ ನಾಲ್ಕು ಸಾಲು ಸಾಕು.

ಇನ್ನು ತಪ್ಪುಗಳು. 2001ರ ಗುಲ್ಬರ್ಗ ಜಿಲ್ಲೆಯ ಸಾಕ್ಷರತೆಯನ್ನು 2011ರ ಶೇ 64.85ರ ಪಕ್ಕ ಇಟ್ಟು ಪ್ರಗತಿ ಲೆಕ್ಕ ಹಾಕಿದ್ದೀರಿ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಅಂದರೆ ನಿಮ್ಮ ಮೊದಲ ಅಂಕಿಯಲ್ಲಿ ಯಾದಗಿರಿ ಇದೆ, ಎರಡನೆಯದರಲ್ಲಿ ಇಲ್ಲ. 2011ರಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿಯದು ಶೇ 51.83. ಅಷ್ಟು ಹಿಂದುಳಿದ ತಾಲ್ಲೂಕುಗಳು ಲೆಕ್ಕದಿಂದ ಹೊರಬಿದ್ದರೆ ಉಳಿದ ಜಿಲ್ಲೆ ತಾನಾಗಿ ಮೇಲೇರಿದಂತೆ ಕಾಣುತ್ತದೆ. ಹೊಸ ಗಡಿಗೆ ಹೊಂದಿಸಿದ 2001ರ ಅಂಕಿ 2011ರ ಜನಗಣತಿಯ ಕೋಷ್ಟಕದಲ್ಲೇ ಸಿಗುತ್ತದೆ, ಅದನ್ನು ಬಳಸಿ. ಬಳ್ಳಾರಿಗೂ ಇದೇ ಎಚ್ಚರ ಬೇಕು: 2021ರಲ್ಲಿ ವಿಜಯನಗರ ಬೇರೆಯಾಯಿತು.

371(ಜೆ) ಅನ್ನು ‘ನೌಕರಿ ಮೀಸಲಾತಿ ಕಾಯ್ದೆ’ ಎಂದಿದ್ದೀರಿ. ಅದು 98ನೇ ತಿದ್ದುಪಡಿಯಿಂದ ಬಂದ ಸಂವಿಧಾನದ ವಿಧಿ, ನೌಕರಿ ಅದರ ಒಂದು ಭಾಗ ಮಾತ್ರ. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು, ಅದರ ಕೆಲಸದ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು ಎಂಬುದೂ ಅಲ್ಲೇ ಇದೆ. ನಿಮ್ಮ ಲೇಖನದಲ್ಲಿ ಆ ವರದಿಯ ಸುದ್ದಿಯೇ ಇಲ್ಲ. ‘ಕೋಟಿಗಟ್ಟಲೆ ದುಡ್ಡು ಎಲ್ಲಿ ಹೋಯಿತು’ ಎಂದು ಕೇಳುವವರು ಬಜೆಟ್‌ನಲ್ಲಿ ಘೋಷಿಸಿದ್ದು, ಬಿಡುಗಡೆಯಾದದ್ದು, ಖರ್ಚಾದದ್ದು ಈ ಮೂರನ್ನೂ ಬೇರೆ ಬೇರೆ ಕೊಡಬೇಕು. ಘೋಷಣೆಯ ಮೊತ್ತವನ್ನೇ ಖರ್ಚು ಎಂದು ಬರೆದರೆ ಸರ್ಕಾರದ ಒಂದು ಸ್ಪಷ್ಟೀಕರಣ ಪತ್ರದಲ್ಲಿ ಇಡೀ ಲೇಖನ ಬಿದ್ದುಹೋಗುತ್ತದೆ.

ಶಾಲೆಯ ಸಂಗತಿಗೆ ಕಾಗದ ಬೇಕು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸುಮಾರು 150 ಪದಗಳ ಒಳಗೆ. ‘ಹುದ್ದೆ ಯಾಕೆ ತುಂಬಿಲ್ಲ’ ಎಂದು ಕೇಳಬೇಡಿ. ಕಾರಣ ಕೊಡುವುದು ಮಾಹಿತಿಯಲ್ಲ ಎಂದು ಹಿಂಬರಹ ಬರುತ್ತದೆ. ತಾಲ್ಲೂಕಿನ ಪ್ರತಿ ಪ್ರೌಢಶಾಲೆಯಲ್ಲಿ ವಿಷಯವಾರು ಮಂಜೂರಾದ, ಭರ್ತಿಯಾದ, ಖಾಲಿ ಉಳಿದ ಹುದ್ದೆಗಳ ಪಟ್ಟಿ, ಅತಿಥಿ ಶಿಕ್ಷಕರ ನೇಮಕದ ಆದೇಶ, ಇವುಗಳ ದೃಢೀಕೃತ ಪ್ರತಿ ಕೇಳಿ. ಮಕ್ಕಳ ಹಾಜರಿಯ ತಿಂಗಳವಾರು ಮೊತ್ತಕ್ಕೆ ಬೇರೆ ಅರ್ಜಿ ಹಾಕಿ. ಜೂನ್ ಮತ್ತು ಫೆಬ್ರವರಿಯ ಅಂತರ ನಮಗೆ ಬಹಳ ಮುಖ್ಯ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಕಾಯುವುದಕ್ಕೆ ನಾವು ಸಿದ್ಧ.

ಮುಖ್ಯ ಶಿಕ್ಷಕರು ‘ದುಡ್ಡು ತಿಂದಿದ್ದಾರೆ’ ಎಂಬ ಸಾಲು ತೆಗೆಯಿರಿ. ಕಟ್ಟೆಯ ಮೇಲಿನ ಮಾತು ಸಾಕ್ಷಿಯಾಗದು, ಮಾನಹಾನಿ ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿ ನಿಮ್ಮ ಮೇಲೂ ನಮ್ಮ ಮೇಲೂ ಬರುತ್ತದೆ. ದಾಖಲೆ ಸಿಕ್ಕರೆ ಪ್ರಶ್ನೆಗಳನ್ನು ಅವರಿಗೆ ಬರಹದಲ್ಲೇ ಕಳಿಸಿ, ಕನಿಷ್ಠ ಎರಡು ದಿನ ಕೊಡಿ, ಅವರ ಉತ್ತರ ಲೇಖನದೊಳಗೇ ಬರಲಿ. ಗುಳೆ ಹೋದ ಮಕ್ಕಳ ಹೆಸರು, ಮುಖ ಕಾಣುವ ಫೋಟೊ ಬೇಡ.

ಹೊಸ ಪ್ರತಿ 1,200 ಪದ ಮೀರದಿರಲಿ, ಯೂನಿಕೋಡ್‌ನಲ್ಲಿರಲಿ. ಪ್ರತಿ ಅಂಕಿಯ ಎದುರು ಅದು ಯಾವ ಕಾಗದದ ಎಷ್ಟನೇ ಪುಟದ್ದು ಎಂದು ಬರೆದು, ದಾಖಲೆಗಳ ಜೆರಾಕ್ಸ್ ಜೊತೆಗಿಡಿ.

— ಸಂಪಾದಕ, ಕಲಬುರಗಿ